ಚಾಮರಾಜಪೇಟೆಗೆ ಎಷ್ಟು ಮಾತ್ರೆ?

ಸೆಪ್ಟೆಂಬರ್ 5ರ ಬೆಳಗ್ಗೆ ಕಾಫಿ ಇಳಿಯುವ ಮೊದಲೇ ಕನ್ನಡ ಮೇಷ್ಟ್ರುಗಳ ಫೋನು ಟಿಣ್ ಟಿಣ್ ಅನ್ನಲು ಶುರುಮಾಡುತ್ತದೆ. ಗುಲಾಬಿ ಹೂವು, ಉರಿಯುವ ದೀಪ, ಪೇಟ ತೊಟ್ಟ ರಾಧಾಕೃಷ್ಣನ್ ಅವರ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ 'ಶಿಕ್ಷಕರ ದಿನಾಚರಣೆಯ ಹಾರ್ದಿಕ ಶುಭಾಷಯಗಳು'. ಕಳಿಸಿದವರ ಪ್ರೀತಿಯಲ್ಲಿ ಕೊರತೆಯೇನೂ ಇಲ್ಲ. ಆದರೆ ಅಲ್ಲೊಂದು ಹೊಟ್ಟೆ ಸೀಳಿದ ಷ ಕೂತುಬಿಟ್ಟಿದೆ. ಮೇಷ್ಟ್ರ ಕಣ್ಣು ಗುಲಾಬಿಯನ್ನು ದಾಟಿ ಮೊದಲು ಹೋಗಿ ನಿಲ್ಲುವುದು ಅದರ ಮೇಲೆಯೇ.

ಒಳ್ಳೆಯ ಮೇಷ್ಟ್ರು 'ಸ್ಪೆಲ್ಲಿಂಗ್ ತಪ್ಪು' ಅನ್ನುವುದಿಲ್ಲ. 'ಬಿಡಿಸಿ ನೋಡಪ್ಪ' ಅನ್ನುತ್ತಾರೆ. ಬಿಡಿಸಿದರೆ ಶುಭ + ಆಶಯ, ಸವರ್ಣದೀರ್ಘ ಸಂಧಿ. ಆಶಯ ಅಂದರೆ ಮನಸ್ಸಿನಲ್ಲಿ ನೆಲೆಸಿದ್ದು, ಬಯಕೆ. 'ಆಷಯ' ಅಂತ ಒಂದು ಪದವೇ ಇಲ್ಲ. ಮತ್ತೆ ಆ ಷ ಎಲ್ಲಿಂದ ಬಂತು? ಬರೆಯುವ ಕೈಗೆ ನಡುವೆ 'ಭಾ' ಕಂಡ ಕೂಡಲೇ ಭಾಷೆ, ಭಾಷಣ, ಸುಭಾಷ್ ಎಲ್ಲ ನೆನಪಾಗಿ ಮುಂದಿನ ಅಕ್ಷರವನ್ನು ಅವೇ ಬರೆಸಿಬಿಡುತ್ತವೆ. ತಪ್ಪಿಗೂ ಒಂದು ಕಾರಣ ಇರುತ್ತದೆ, ಅದನ್ನು ಹುಡುಕಿ ಹಿಡಿಯಬಹುದು ಅಂತ ಮೊದಲು ತೋರಿಸಿಕೊಟ್ಟವರೇ ಭಾಷೆಯ ಮೇಷ್ಟ್ರು. ಅವರಿಗೆ ಸಲ್ಲಬೇಕಾದ ಕೃತಜ್ಞತೆ ಆ ಹುಡುಕಾಟದಷ್ಟೇ ಖಚಿತವಾಗಿರಬೇಕು ಅನ್ನುವುದು ನನ್ನ ವಾದ. 'ಭಾಷೆಯ ಮೇಲೆ ಪ್ರೀತಿ ಹುಟ್ಟಿಸಿದರು' ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವುದರಿಂದ ಹುಟ್ಟಿಸಿದರು, ಎಷ್ಟು ನಿಮಿಷದಲ್ಲಿ, ಬೋರ್ಡಿನ ಮೇಲೆ ಏನು ಬರೆದು? ಅದನ್ನು ಹೇಳೋಣ.

ಉಕ್ತಲೇಖನದಿಂದ ಶುರುಮಾಡೋಣ, ಯಾಕೆಂದರೆ ಮಕ್ಕಳಿಗೆ ಅತಿ ಬೇಸರದ ಪಾಠ ಅದೇ. ದಿನಕ್ಕೆ 10 ಪದ, ಕೊನೆಗೊಂದು ವಾಕ್ಯ, ಒಟ್ಟು ಕಾಲು ಗಂಟೆ. ಇದಕ್ಕಿಂತ ಹೆಚ್ಚಾದರೆ ಕೈ ಬರೆಯುತ್ತಿರುತ್ತದೆ, ತಲೆ ಊಟದ ಡಬ್ಬಿಯ ಹತ್ತಿರ ಹೋಗಿರುತ್ತದೆ. ಪದವನ್ನು ಎರಡೇ ಸಲ ಹೇಳಬೇಕು, ಅದೂ ಮಾತಾಡುವ ವೇಗದಲ್ಲಿ. 'ಶು... ಭಾ... ಶ... ಯ' ಎಂದು ಅಕ್ಷರ ಅಕ್ಷರವಾಗಿ ಕತ್ತರಿಸಿ ಹೇಳಿದರೆ ಮಗು ಕೇಳುವುದು ನಾಲ್ಕು ಸದ್ದನ್ನು. ಅಲ್ಲಿ ಪದವೇ ಇರುವುದಿಲ್ಲ.

ಎಲ್ಲಿ ಎಡವುತ್ತಾರೆ ಅನ್ನುವುದೂ ಗೊತ್ತಿರುವ ವಿಷಯ. ನಮ್ಮ ದಿನದ ಮಾತಿನಲ್ಲಿ ಮಹಾಪ್ರಾಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರಹದಲ್ಲಿದೆ, ಬಾಯಲ್ಲಿಲ್ಲ. ಆದ್ದರಿಂದ ಧನಕ್ಕೂ ದನಕ್ಕೂ ವ್ಯತ್ಯಾಸವನ್ನು ಕಿವಿ ಕೊಡುವುದಿಲ್ಲ, ಅರ್ಥ ಕೊಡಬೇಕು. 'ದನವಂತ ಅಂತ ಬರೆದರೆ ಕೊಟ್ಟಿಗೆ ತುಂಬ ಹಸು ಇರುವವನು ಅಂತಾಗುತ್ತೆ ನೋಡಿ' ಅನ್ನುವ ಹಳೇ ಜೋಕಿಗೆ ಕನ್ನಡ ಮೇಷ್ಟ್ರುಗಳು ತಲೆಮಾರುಗಳಿಂದ ನಗಿಸುತ್ತ ಬಂದಿದ್ದಾರೆ. ಜೋಕು ಸವೆದಿದೆ, ಕೆಲಸ ಮಾತ್ರ ಈಗಲೂ ಮಾಡುತ್ತದೆ. ಕೃಪೆ–ಕ್ರಮದ ಗೊಂದಲ, ಮಧ್ಯಾಹ್ನ–ಚಿಹ್ನೆಗಳಲ್ಲಿ ಹ ಮೊದಲೋ ನ ಮೊದಲೋ ಅನ್ನುವ ಗೊಂದಲ ಬೇರೆ ಜಾತಿಯವು. ಅಲ್ಲಿ ನಾಲಿಗೆ ಒಂದು ಹೇಳುತ್ತದೆ, ಅಕ್ಷರ ಇನ್ನೊಂದು. ನಾವೆಲ್ಲ 'ಚಿನ್ಹೆ' ಅಂತಲೇ ಅನ್ನುವುದು, ಬರೆಯುವಾಗ ಮಾತ್ರ ಹ್ನ.

ಇಲ್ಲಿ ಮೇಷ್ಟ್ರ ಬಗ್ಗೆಯೂ ಒಂದು ಮಾತು ಹೇಳಬೇಕು. 'ಕತೆ' ಎಂದು ಬರೆದದ್ದಕ್ಕೆ ಕೆಂಪು ಗೆರೆ ಎಳೆಯುವವರು ಇದ್ದಾರೆ. ಅದು ತಪ್ಪಲ್ಲ, ಕಥೆಯ ತದ್ಭವ. ವರ್ಷ ವರುಷವಾದಂತೆ, ಆಶ್ಚರ್ಯ ಅಚ್ಚರಿಯಾದಂತೆ, ಯಾತ್ರೆ ಜಾತ್ರೆಯಾದಂತೆ, ಪರ್ವ ಹಬ್ಬವಾದಂತೆ. ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಗೆ ಹೋಗುವ ಮಗುವಿಗೆ ಆ 'ಪರಿಷೆ'ಯ ಮೂಲ 'ಪರಿಷತ್' ಎಂಬ ಪದದಲ್ಲಿದೆ ಅಂದರೆ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತೂ ಬಸವನಗುಡಿಯ ಕಡಲೆಕಾಯಿಯೂ ಒಂದೇ ಮನೆಯವಾಗಿ ಕಾಣುತ್ತವೆ. ತಪ್ಪು ಯಾವುದು, ಬಳಕೆಯಲ್ಲಿ ಸವೆದು ಬಂದ ರೂಪ ಯಾವುದು ಎಂದು ಬೇರೆ ಮಾಡಿ ತೋರಿಸುವವರ ಕೈಲಿ ಕೆಂಪು ಪೆನ್ನು ಇದ್ದರೆ ಭಯವಿಲ್ಲ.

ಇನ್ನು ತಿದ್ದುವುದು. ನಮ್ಮ ಶಾಲೆಗಳ ಹಳೆಯ ಔಷಧಿ ಇಂಪೊಸಿಷನ್: ತಪ್ಪಾದ ಪದವನ್ನು 50 ಸಲ ಬರಿ. ಮಕ್ಕಳು ಅದನ್ನು ಹೇಗೆ ಬರೆಯುತ್ತಾರೆ ಅಂತ ಹತ್ತಿರ ನಿಂತು ನೋಡಬೇಕು. ಮೊದಲು ಪುಟದ ಉದ್ದಕ್ಕೂ ಮೇಲಿಂದ ಕೆಳಕ್ಕೆ ಶು ಶು ಶು. ಆಮೇಲೆ ಅದರ ಪಕ್ಕದಲ್ಲಿ ಭಾ ಭಾ ಭಾ. ಆಮೇಲೆ ಶ, ಆಮೇಲೆ ಯ. ಗೋಡೆಗೆ ಸುಣ್ಣ ಹೊಡೆದ ಹಾಗೆ. 50 ಸಲ ಬರೆದಾಯಿತು, ಪದವನ್ನು ಒಂದು ಸಲವೂ ಬರೆದಿಲ್ಲ. ಇದರ ಬದಲು ಬಲ್ಲ ಮೇಷ್ಟ್ರು ಮಾಡಿಸುವುದು ಇಷ್ಟು: ತಪ್ಪಾದ ಪದವನ್ನು ಬಿಡಿಸಿ ಒಂದು ಸಲ ಬರಿ, ಕೂಡಿಸಿ ಒಂದು ಸಲ ಬರಿ, ಅದೇ ಮನೆಯ ಇನ್ನೆರಡು ಪದ ಹುಡುಕಿ ಪಕ್ಕದಲ್ಲಿ ಬರಿ. ಶುಭಾಶಯದ ಪಕ್ಕ ಮಹಾಶಯ, ಜಲಾಶಯ. ಮಳೆಗಾಲ ಬಂತೆಂದರೆ ಕೆ.ಆರ್.ಎಸ್. ಜಲಾಶಯದ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. 'ಜಲಾಷಯ' ಅಂತ ಬರೆಯಬೇಕು ಅಂತ ಯಾರ ಕೈಗೂ ಅನ್ನಿಸುವುದಿಲ್ಲ. ಗೊತ್ತಿರುವ ಪದದ ಕೈ ಹಿಡಿದು ಗೊತ್ತಿಲ್ಲದ್ದು ದಾಟಿಬಿಡುತ್ತದೆ.

ಈಗ ಮಾತ್ರೆಗೆ ಬರೋಣ. ಮೆಡಿಕಲ್ ಶಾಪಿನದ್ದಲ್ಲ, ಪದ್ಯದಲ್ಲಿ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ.

ಹೈಸ್ಕೂಲಿನಲ್ಲಿ ಪ್ರಸ್ತಾರ ಅಂದರೆ ಎರಡು ಮೂರು ಅಂಕದ ಪ್ರಶ್ನೆ. ಅಕ್ಷರದ ತಲೆ ಮೇಲೆ ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ, ಗಣಗಳಾಗಿ, ಅಂದರೆ ಗುಂಪುಗಳಾಗಿ ವಿಭಾಗಿಸು, ಛಂದಸ್ಸಿನ ಹೆಸರು ಬರಿ, ಮುಂದಿನ ಪ್ರಶ್ನೆಗೆ ಹೋಗು. ನಿಯಮ ಅಂಗೈಯಗಲದ್ದು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಐ ಮತ್ತು ಔ ಸೇರಿದ್ದು, ಅನುಸ್ವಾರ ವಿಸರ್ಗ ಇರುವುದು, ವ್ಯಂಜನದಲ್ಲಿ ನಿಲ್ಲುವುದು, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ.

ಇಷ್ಟು ಸರಳ ನಿಯಮದಲ್ಲಿ ಮಕ್ಕಳು ತಪ್ಪುವುದು ಒಂದೇ ಜಾಗದಲ್ಲಿ, ವರ್ಷ ವರ್ಷವೂ ಅದೇ ಜಾಗದಲ್ಲಿ. 'ಅಪ್ಪ' ಅಂತ ಬರೆದು ಪ್ಪದ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಕಣ್ಣಿಗೆ ಭಾರವಾಗಿ ಕಾಣುವುದು ಅದೇ ತಾನೆ, ಕೆಳಗೊಂದು ಒತ್ತು ನೇತಾಡುತ್ತಿದೆ. ಆದರೆ ಭಾರ ಬೀಳುವುದು ಹಿಂದಿನ ಅ ಮೇಲೆ. ಇದನ್ನು ನಿಯಮ ಹೇಳಿ ತಿದ್ದಿದರೆ ಪರೀಕ್ಷೆಯವರೆಗೆ ನಿಲ್ಲುತ್ತದೆ. ಚಪ್ಪಾಳೆ ತಟ್ಟಿಸಿ ತಿದ್ದಿದರೆ ಸಾಯುವವರೆಗೆ ನಿಲ್ಲುತ್ತದೆ. 'ಅಪ್' ಎಂದಾಗ ತುಟಿ ಮುಚ್ಚಿ ಉಸಿರು ಒಂದು ಕ್ಷಣ ತಡೆದು ನಿಲ್ಲುತ್ತದಲ್ಲ, ಆ ತಡೆದ ಕ್ಷಣವೇ ಎರಡನೆಯ ಮಾತ್ರೆ. 'ಪ' ಹಗುರಾಗಿ ಜಾರಿ ಹೊರಬೀಳುತ್ತದೆ. ಕಣ್ಣು ಹೇಳಿದ್ದನ್ನು ಬಿಟ್ಟು ಕಿವಿ ಹೇಳಿದ್ದನ್ನು ನಂಬು ಅನ್ನುವ ಪಾಠ ಇದು. ಸೂರ್ಯ, ಧರ್ಮಗಳ ಅರ್ಕಾವತ್ತಿನಲ್ಲಿ ಕಣ್ಣಿನ ಮೋಸ ಇನ್ನೂ ಜಾಸ್ತಿ: ಬಾಯಲ್ಲಿ ಮೊದಲು ಬರುವ ರ್ ಬರಹದಲ್ಲಿ ಕೊನೆಗೆ ಬಾಲದಂತೆ ಅಂಟಿಕೊಂಡಿರುತ್ತದೆ. ಮಜಾ ಏನೆಂದರೆ ಫೋನಿನ ಕೀಲಿಮಣೆ ಮೇಷ್ಟ್ರ ಕಡೆ. ಧರ್ಮ ಅಂತ ಮೂಡಬೇಕಾದರೆ ಧ ಆದಮೇಲೆ ರ ಒತ್ತಿ, ಹಲಂತ ಒತ್ತಿ, ಆಮೇಲೇ ಮ ಒತ್ತಬೇಕು. ಯೂನಿಕೋಡ್ ಬಾಯಿಯ ಕ್ರಮವನ್ನೇ ಇಟ್ಟುಕೊಂಡಿದೆ.

ಹಳಗನ್ನಡದ ಶಿಥಿಲದ್ವಿತ್ವ ಈ ನಿಯಮಕ್ಕೆ ಅಪವಾದ. ಒತ್ತು ಇದ್ದರೂ ಹಿಂದಿನ ಅಕ್ಷರ ಗುರುವಾಗುವುದಿಲ್ಲ. ಅದನ್ನು ಎಂಟನೇ ಕ್ಲಾಸಿಗೆ ಹೇಳುವುದು ಬೇಡ, ಹೆದರಿಬಿಡುತ್ತಾರೆ.

ಪ್ರಸ್ತಾರವನ್ನು ಪಠ್ಯಪುಸ್ತಕದಿಂದ ಹೊರಗೆ ತೆಗೆದು ಬಸ್ಸಿನ ಬೋರ್ಡಿನ ಮೇಲೆ ಇಟ್ಟವರೇ ನಿಜವಾದ ಮೇಷ್ಟ್ರು. ಚಾಮರಾಜಪೇಟೆ: ಚಾಮ, ರಾಜ, ಪೇಟೆ. ಮೂರು ಮೂರು ಮೂರು, ಒಟ್ಟು 9 ಮಾತ್ರೆ, ಕುದುರೆ ನಡೆದಂತೆ. ಬಸವನಗುಡಿಯದೂ ಮೂರರ ನಡೆಯೇ, ಆದರೆ ಆರಕ್ಕೆ ಆರೂ ಲಘು: ಬಸವ, ನಗುಡಿ. ಅದಕ್ಕೇ ಆ ಹೆಸರು ಬಾಯಲ್ಲಿ ಅಷ್ಟು ಬೇಗ ಮುಗಿದುಹೋಗುವುದು. ರಾಜಾಜಿನಗರ, ಹನುಮಂತನಗರ ಎರಡೂ ನಾಲ್ಕು ನಾಲ್ಕು: ರಾಜಾ–ಜಿನಗರ, ಹನುಮಂ–ತನಗರ. ಅರ್ಥ ಒಡೆಯುವ ಜಾಗದಲ್ಲೇ ಗಣ ಒಡೆಯಬೇಕಾಗಿಲ್ಲ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಯಶವಂತಪುರ ನಾಲ್ಕು ಮೂರು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುವ ಮೆಜೆಸ್ಟಿಕ್ ಒಂದು ಲಘು, ಎರಡು ಗುರು, ಅಪ್ಪಟ ಯಗಣ. 'ಯಮಾತಾರಾಜಭಾನಸಲಗಂ' ಎಂದು ಬಾಯಿಪಾಠ ಮಾಡಿದ ಸೂತ್ರದ ಮೊದಲ ಮೂರಕ್ಷರ 'ಯಮಾತಾ'ಗೂ ಮೆಜೆಸ್ಟಿಕ್ಕಿಗೂ ಒಂದೇ ತೂಕ.

ಶಿವಾಜಿನಗರದ್ದು ತುಂಬ ಚೆನ್ನಾದ ಪಾಠ. ಎಣಿಸಿದರೆ 7 ಮಾತ್ರೆ: ಶಿವಾ ಮೂರು, ಜಿನಗರ ನಾಲ್ಕು. ಮೂರು–ನಾಲ್ಕು ಅಂದರೆ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದ ಅಳತೆ. ಹಾಗಾದರೆ ಕುಮಾರವ್ಯಾಸನ ನಡೆ ಬಂತೇ? ಇಲ್ಲ. ಗದುಗಿನ ಭಾರತದ ಮೊದಲ ಸಾಲನ್ನು ಪಕ್ಕದಲ್ಲಿಟ್ಟು ತಟ್ಟಿ ನೋಡಬೇಕು: ಶ್ರೀವ | ನಿತೆಯರ | ಸನೆ ವಿ | ಮಲರಾ. ಮೂರು, ನಾಲ್ಕು, ಮೂರು, ನಾಲ್ಕು, 14 ಮಾತ್ರೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳೆಲ್ಲ ಇಷ್ಟೇ. ಮೂರು ಮತ್ತು ಆರನೆಯವು ಇನ್ನೊಂದು ಜೊತೆ ಗಣ, ಮೇಲೊಂದು ಗುರು ಸೇರಿ 23. ಇಡೀ ಪದ್ಯಕ್ಕೆ 102. 'ಶ್ರೀವ' ಎನ್ನುವಾಗ ಮೊದಲ ಹೆಜ್ಜೆ ನೆಲಕ್ಕೆ ಗಟ್ಟಿಯಾಗಿ ಊರುತ್ತದೆ. 'ಶಿವಾ' ಎನ್ನುವಾಗ ಮೊದಲು ಹಗುರ, ಆಮೇಲೆ ಭಾರ, ಕಾಲು ತಡವರಿಸುತ್ತದೆ. ಗಣದ ಮೊದಲಲ್ಲಿ ಲಘುವಿನ ಬೆನ್ನಿಗೇ ಗುರು ಬರಬಾರದು ಎಂದು ಛಂದಸ್ಸು ಓದಿದವರು ಹೇಳುತ್ತಾರೆ. ಅದಕ್ಕೆ ಲಗಾದಿ ಅಂತ ಹೆಸರು. ಎಣಿಕೆ ಸರಿ, ನಡಿಗೆ ಕುಂಟು. ಲೆಕ್ಕ ಮಾತ್ರ ಕಲಿಸಿದ ಮೇಷ್ಟ್ರು ಶಿವಾಜಿನಗರವನ್ನು ಪಾಸು ಮಾಡುತ್ತಾರೆ. ಕಿವಿ ಕಲಿಸಿದವರು ಅಲ್ಲೇ ನಿಲ್ಲಿಸಿ ಇನ್ನೊಂದು ಸಲ ತಟ್ಟಿಸುತ್ತಾರೆ.

ಸಂಗೀತ ಕಲಿಯುವ ಮಕ್ಕಳು ಕ್ಲಾಸಿನಲ್ಲಿದ್ದರೆ ಈ ಪಾಠ ಅರ್ಧ ಗಂಟೆ ಬೇಗ ಮುಗಿಯುತ್ತದೆ. ಮೂರು–ನಾಲ್ಕು ಅಂದರೆ ಅವರಿಗೆ ಮಿಶ್ರಛಾಪು, ಐದು ಅಂದರೆ ಖಂಡಛಾಪು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ತೊಡೆ ತಟ್ಟುತ್ತ ಕೂರುವ ಜನರಲ್ಲಿ ಎಷ್ಟೋ ಮಂದಿಗೆ ತಾವು ಭಾಮಿನಿಯ ಅಳತೆಯನ್ನೇ ತಟ್ಟುತ್ತಿದ್ದೇವೆ ಅಂತ ಗೊತ್ತಿರಲಿಕ್ಕಿಲ್ಲ. ಬಿ.ಎಂ.ಶ್ರೀ ಅವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ಪುಸ್ತಕ ಮಾಡಿದಾಗಲೂ ಕೈಗೆತ್ತಿಕೊಂಡದ್ದು ಇದೇ ಮೂರು, ನಾಲ್ಕು, ಐದರ ಗುಂಪುಗಳನ್ನೇ. ಆದಿಪ್ರಾಸದ ಕಟ್ಟು ಸಡಿಲಿಸಿದರು, ಕಿವಿಯ ಲೆಕ್ಕ ಬಿಡಲಿಲ್ಲ. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಷ್ಟ್ರು.

ಆ ಮೊದಲ ಸಾಲು 'ವಿಮಲರಾ' ಎಂದು ನಿಂತಿತಲ್ಲ, ಅಲ್ಲಿ ಇನ್ನೊಂದು ಕೆಲಸ ಉಳಿದಿದೆ. 'ರಾ' ಮುಂದಿನ ಸಾಲಿನ 'ಜೀವ'ಕ್ಕೆ ಸೇರಿದ್ದು. ರಾಜೀವ, ಅಂದರೆ ತಾವರೆ. ತಾವರೆಯನ್ನು ಪೀಠ ಮಾಡಿಕೊಂಡವನು ಬ್ರಹ್ಮ, ಅವನ ತಂದೆ ನಾರಾಯಣ. ಛಂದಸ್ಸು ಪದವನ್ನು ಅದರ ನಡುವಿನಲ್ಲೇ ಕತ್ತರಿಸಿದೆ, ಓದುವವರು ಹೊಲಿಯಬೇಕು. ಗಮಕಿಗಳು ಇದನ್ನೇ ಮಾಡುತ್ತಾರೆ: ರಾಗದಲ್ಲಿ ಹಾಡುವಾಗಲೂ ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಉಸಿರು ನಿಲ್ಲಿಸುತ್ತಾರೆ. ಪದ್ಯ ಗಟ್ಟಿಯಾಗಿ ಓದಿಸುವಾಗ ಮೊದಲ ಸಲ ಸಾಲಿನ ಪ್ರಕಾರ, ಎರಡನೆಯ ಸಲ ಪದ ಬಿಡಿಸಿಕೊಂಡು, ಮೂರನೆಯ ಸಲ ಎರಡನ್ನೂ ಸೇರಿಸಿ ಓದಿಸಬೇಕು. ಮೂರನೆಯ ಓದಿಗೆ ಸಾಮಾನ್ಯವಾಗಿ ಬೆಲ್ಲು ಹೊಡೆದಿರುತ್ತದೆ. ಅದು ಮೇಷ್ಟ್ರ ತಪ್ಪಲ್ಲ, ಟೈಮ್ ಟೇಬಲ್ಲಿನದು.

ಸಂಧಿಯನ್ನು ಲೋಪ, ಆಗಮ, ಆದೇಶ ಅಂತ ಪಟ್ಟಿ ಮಾಡಿ ಹೇಳುವುದು ಸುಲಭ. ಊರು + ಅಲ್ಲಿ ಊರಲ್ಲಿ, ಮನೆ + ಅಲ್ಲಿ ಮನೆಯಲ್ಲಿ, ಮಳೆ + ಕಾಲ ಮಳೆಗಾಲ. ಬರೆದುಕೊಂಡಾಯಿತು. ಆದರೆ ಬೆಂಗಳೂರಿನಲ್ಲಿ ಕೂತು ಆದೇಶ ಸಂಧಿ ಹೇಳುವವರ ಕೈಗೆ ಹೆಬ್ಬಾಳವೇ ಸಿಕ್ಕಿದೆ. ಅಲ್ಲಿ ದೊರೆತ 8ನೇ ಶತಮಾನದ ವೀರಗಲ್ಲಿನಲ್ಲಿ 'ಪೆರ್ಬೊಳಲ್ನಾಡು' ಎಂಬ ಹೆಸರಿದೆ. ಪೆರ್ ಅಂದರೆ ಹಿರಿದು. ಪೊಳಲ್ ಅಂದರೆ ಊರು, ಪಟ್ಟಣ. ಎರಡೂ ಕೂಡಿದಾಗ ಪೊಳಲಿನ ಪ ಹೋಗಿ ಬ ಬಂತು, ಮಳೆಗಾಲದಲ್ಲಿ ಕ ಹೋಗಿ ಗ ಬಂದ ಹಾಗೆ. ಮುಂದೆ ಪದದ ಮೊದಲಿದ್ದ ಪ ಕನ್ನಡದಲ್ಲಿ ಹ ಆಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೆರ್ ಹೆರ್ ಆಯಿತು. ರ್ಬ ಸವೆದು ಬ್ಬ ಆಯಿತು. ಈ ದಾರಿ ಗೊತ್ತಾದ ಮೇಲೆ ಹೆಬ್ಬಾವಿನ ಗುಟ್ಟೂ ಬಿಟ್ಟುಕೊಳ್ಳುತ್ತದೆ. ಹಾವು ಅನ್ನುತ್ತೇವೆ, ಆದರೆ 'ಹೆಹ್ಹಾವು' ಅನ್ನದೆ ಹೆಬ್ಬಾವು ಯಾಕೆ? ಪಾವು ಎಂಬ ಹಳೆಯ ಪದ ಪೆರ್ ಜೊತೆ ಸೇರಿದಾಗಲೇ ಪ ಬ ಆಗಿಬಿಟ್ಟಿತ್ತು. ಆಮೇಲೆ ಊರಿಗೆಲ್ಲ ಹ ಬಂದಾಗ ಈ ಬ ಒಳಗೆ ಬೆಚ್ಚಗೆ ಉಳಿದುಕೊಂಡಿತು. ಹೆಬ್ಬುಲಿಯದೂ ಅದೇ ಕಥೆ. ಕಂಬನಿಯೂ ಅಷ್ಟೇ: ಕಣ್ + ಪನಿ. ಹೊರಗೆ ಪನಿ ಹನಿಯಾಯಿತು, ಕಣ್ಣಿನ ಜೊತೆ ಇದ್ದದ್ದು ಬನಿಯಾಗಿಯೇ ನಿಂತಿತು.

ಸಿಲ್ಕ್ ಬೋರ್ಡ್ ಕಡೆಯಿಂದ ಬರುವ ಮಕ್ಕಳಿಗೆ ಬೇಗೂರು ಹತ್ತಿರ. ಅಲ್ಲಿನ ದೇವಸ್ಥಾನದ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಹೊಯ್ಸಳ ವೀರಬಲ್ಲಾಳ ಮುದುಕಿಯೊಬ್ಬಳ ಮನೆಯಲ್ಲಿ ಬೆಂದ ಕಾಳು ತಿಂದ ಕಥೆ ನಡೆಯುವುದು 12ನೇ ಶತಮಾನದ ಕೊನೆಗೆ. ಬೆಂದಕಾಳೂರು ಬೆಂಗಳೂರಾಗಲು ವ್ಯಾಕರಣ ಅಡ್ಡಿ ಮಾಡುತ್ತದೋ ಇಲ್ಲವೋ ಎಂದು ಒಂದು ಪೀರಿಯಡ್ಡು ಪೂರ್ತಿ ಜಗಳ ಆಡಿಸಬಹುದು. ಕಲ್ಲು ಮಾತ್ರ ಕಥೆಗಿಂತ ಸುಮಾರು 3 ಶತಮಾನ ಹಿರಿಯದು. ಕಥೆಯನ್ನೂ ಪ್ರೀತಿಸಿ, ಅದನ್ನು ಅನುಮಾನಿಸುವುದನ್ನೂ ಒಟ್ಟಿಗೆ ಕಲಿಸುವುದು ಕಷ್ಟದ ಕೆಲಸ. ಹಾಗೆ ಕಲಿತವರಿಗೆ ವಾಟ್ಸಾಪಿನಲ್ಲಿ ಬರುವ ಪದಮೂಲಗಳ ಕಾಟ ಸ್ವಲ್ಪ ಕಡಿಮೆ.

ನಿಘಂಟು ನೋಡಲು ಕಲಿಸುವುದೂ ಒಂದು ಪಾಠ ಅಂತ ಬಹಳ ಜನರಿಗೆ ಅನ್ನಿಸುವುದೇ ಇಲ್ಲ. ಪುಸ್ತಕ ಕೈಗೆ ಕೊಟ್ಟು 'ಹುಡುಕು' ಅಂದರೆ ಮಗು ಜ್ಞಾನವನ್ನು ಗ ಅಕ್ಷರದಡಿ ಹುಡುಕುತ್ತದೆ, ಬಾಯಲ್ಲಿ ಅದು 'ಗ್ಯಾನ' ತಾನೆ. ಜ್ಞ ಅಂದರೆ ಜ ಕೆಳಗೆ ಞ, ಆದ್ದರಿಂದ ಜ ವಿಭಾಗ. ಕ್ಷಮೆ ಕೊನೆಯಲ್ಲಿಲ್ಲ, ಕ ಅಕ್ಷರದ ಒಳಗೇ ಇದೆ, ಕ + ಷ. ಹಳಗನ್ನಡ ಪದ್ಯದ ಪದ ಹ ಅಡಿಯಲ್ಲಿ ಸಿಗದಿದ್ದರೆ ಪ ಅಡಿಯಲ್ಲಿ ನೋಡು. ಇವು ಅಂಚಿನ ತೊಂದರೆಗಳು. ದೊಡ್ಡ ತೊಂದರೆ ಕ್ರಿಯಾಪದ. 'ನಿಂತ' ನಿಘಂಟಿನಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ, 'ನಿಲ್ಲು' ಹುಡುಕಬೇಕು. ಕಂಡದ್ದಕ್ಕೆ ಕಾಣು, ತಂದದ್ದಕ್ಕೆ ತರು, ಇಟ್ಟದ್ದಕ್ಕೆ ಇಡು, ಮಿಂದದ್ದಕ್ಕೆ ಮೀ, ಬೆಂದದ್ದಕ್ಕೆ ಬೇಯು. ಅಂದರೆ ನಿಘಂಟು ತೆರೆಯುವ ಮೊದಲೇ ಪದದ ಧಾತು ಗೊತ್ತಿರಬೇಕು. ಅರ್ಧ ವ್ಯಾಕರಣ ಅಲ್ಲೇ ಆಗಿಹೋಗುತ್ತದೆ, ವ್ಯಾಕರಣ ಎಂಬ ಹೆಸರೆತ್ತದೆ. ವಾರಕ್ಕೆ ಐದು ಪದ, ಪದಕ್ಕೆ ಒಂದು ನಿಮಿಷ, ಗಡಿಯಾರ ಇಟ್ಟು ಹುಡುಕಿಸಿದರೆ ತಿಂಗಳೊಳಗೆ ಕೈ ಪಳಗುತ್ತದೆ.

ಈಗ 'ಅಲರ್'ನಂಥ ಆನ್‌ಲೈನ್ ನಿಘಂಟು ಫೋನಿನಲ್ಲೇ ಇದೆ, ಒಳ್ಳೆಯದೇ ಆಯಿತು. ಆದರೆ ಕಾಗದದ ನಿಘಂಟಿನಲ್ಲಿ ಹುಡುಕಿದ ಪದದ ಹಿಂದೆ ಮುಂದೆ ನಾಲ್ಕು ಪದ ಕಣ್ಣಿಗೆ ಬೀಳುತ್ತವೆ. ಫೋನಿನಲ್ಲಿ ಕೇಳಿದ್ದೊಂದೇ ಬಂದು ನಿಲ್ಲುತ್ತದೆ. ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಅದರ ಒಂದು ಪುಟ ತೆರೆದು ಕೂತರೆ ಹುಡುಕಲು ಬಂದ ಪದವೇ ಮರೆತುಹೋಗುವುದುಂಟು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟಗಳದ್ದು, ಶಾಲೆಯ ಲೈಬ್ರರಿ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುವುದೇ ಹೆಚ್ಚು. ಬೀಗದ ಕೈ ಯಾರ ಹತ್ತಿರ ಇದೆ ಅಂತ ತಿಳಿದಿರುವುದೂ ಭಾಷಾ ಮೇಷ್ಟ್ರ ಅರ್ಹತೆಗಳಲ್ಲಿ ಒಂದು.

ಆ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿದವರು. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದರು. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. ಒಂದು ಪದದ ಬಗ್ಗೆ ಯಾರಿಗೋ ಸಂಶಯ ಬಂದರೆ ಅದಕ್ಕೊಂದು ಅಂಚೆ ಕಾರ್ಡು ಹಾಕಬಹುದಿತ್ತು, ಉತ್ತರ ಬರುತ್ತಿತ್ತು, ಆ ಸಂಶಯ ಸಣ್ಣದಲ್ಲ ಎಂಬ ಮರ್ಯಾದೆಯೊಂದಿಗೆ ಬರುತ್ತಿತ್ತು. ಇಡೀ ರಾಜ್ಯಕ್ಕೆ ಒಬ್ಬ ಕ್ಲಾಸ್ ಟೀಚರ್ ಇದ್ದಂತೆ.

ನಿವೃತ್ತರಾದ ಮೇಷ್ಟ್ರಿಗೆ ನಾವು ಸಾಮಾನ್ಯವಾಗಿ ಒಯ್ಯುವುದು ಶಾಲು, ಪೇಟ, ಹಣ್ಣಿನ ಬುಟ್ಟಿ. ಬೀರುವಿನಲ್ಲಿ ಶಾಲುಗಳ ರಾಶಿ ಬಿದ್ದಿರುತ್ತದೆ, ಬೆಂಗಳೂರಿನ ಚಳಿಗೆ ಒಂದು ಸಾಕು. ಸಕ್ಕರೆ ಕಾಯಿಲೆ ಇದ್ದವರಿಗೆ ಹಣ್ಣೂ ಕಷ್ಟ. ಅವರಿಗೆ ನಿಜವಾಗಿ ಬೇಕಾದದ್ದನ್ನು ಯಾರೂ ತರುವುದಿಲ್ಲ: ಒಂದು ಸಂಶಯ. 'ಸಾರ್, ಜಾಗ್ರತೆ ಸರಿಯೋ ಜಾಗೃತೆ ಸರಿಯೋ?' ಎಂದು ಕೇಳಿ ನೋಡಬೇಕು. ಒರಗಿ ಕೂತವರು ನೆಟ್ಟಗಾಗುತ್ತಾರೆ. 'ಜಾಗ್ರತ್ ಅಂತ ಮೂಲ, ಅದಕ್ಕೇ ಜಾಗ್ರತೆ. ಋಕಾರ ಎಲ್ಲಿಂದ ತಂದ್ರಿ?' ಅಂತ ಶುರುವಾಗಿ ಕಾಫಿ ಆರುವವರೆಗೂ ನಡೆಯುತ್ತದೆ.

ಬರೆದು ಕಳಿಸುವವರು ಕೈಬರಹದಲ್ಲೇ ಬರೆಯುವುದು ಮೇಲು. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಬಿಡಿ. ವಯಸ್ಸಾದ ಕಣ್ಣು ಓದಬೇಕು, ಅಲ್ಲದೆ ತಿದ್ದಲು ಅವರಿಗೂ ಜಾಗ ಬೇಕು. 'ತೀರ್ಥರೂಪ ಸಮಾನರಾದ' ಎಂದು ಶುರುಮಾಡಿದರೆ ಹಳೆಯ ಕಾಲದವರಿಗೆ ಖುಷಿ, 'ಪೂಜ್ಯ ಗುರುಗಳಿಗೆ' ಅಂದರೂ ಸಾಕು. ಒಡಲಲ್ಲಿ 'ನಿಮ್ಮಿಂದ ಬಹಳ ಕಲಿತೆ' ಎಂಬ ವಾಕ್ಯ ಬೇಡ. ಯಾವ ಪದ, ಯಾವ ಪದ್ಯ, ಯಾವ ಸಾಲು, ಈಗ ಅದು ಎಲ್ಲಿ ಕೆಲಸಕ್ಕೆ ಬರುತ್ತಿದೆ ಅದನ್ನು ಬರೆಯಿರಿ. ಕೋರ್ಟಿನ ಅರ್ಜಿಯಲ್ಲಿ 'ಮೇರೆಗೆ'ಯನ್ನು ಎಲ್ಲಿ ಹಾಕಬೇಕು ಅಂತ ಗೊತ್ತಾಗಿದ್ದು ವಿಭಕ್ತಿ ಪಾಠದಿಂದ, ಮಗಳಿಗೆ ಹೆಸರಿಡುವಾಗ ದೀರ್ಘ ಬೇಕೋ ಬೇಡವೋ ಅಂತ ಯೋಚಿಸಿದ್ದು ಮಾತ್ರೆಯ ಪಾಠದಿಂದ, ಹೀಗೆ.

ಕನ್ನಡದಲ್ಲಿ ಇದರ ದೊಡ್ಡ ಮಾದರಿ ಮೈಸೂರಿನದು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಮೇಷ್ಟ್ರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ 1949ರಲ್ಲಿ ಹೊರಬಂತು, ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಆ ಅರ್ಪಣೆಯಲ್ಲಿ ಶಿಷ್ಯ ಗುರುವಿಗೆ ಹೇಳುವುದು ಬರಿಯ ವಂದನೆಯನ್ನಲ್ಲ, ಕೆಲಸ ಮುಗಿಸಿ ತಂದಿದ್ದೇನೆ ಎಂಬ ವರದಿಯನ್ನು. ಹೋಂವರ್ಕ್ ತೋರಿಸಿದ ಹಾಗೆ. ಗುರು ಇಲ್ಲದಿದ್ದರೂ ತೋರಿಸಲೇಬೇಕು.

ವಾಟ್ಸಾಪಿನ ಸಂದೇಶಕ್ಕೆ ವಾಪಸು ಬರೋಣ. ಷ ತೆಗೆದು ಶ ಹಾಕಿಯಾಯಿತು. ಈಗ ಪ್ರಸ್ತಾರ. 'ಶುಭಾಶಯಗಳು': ಶುಭಾ ಮೂರು, ಶಯಗಳು ನಾಲ್ಕು. ಒಂದು ಲಘು, ಒಂದು ಗುರು, ಮತ್ತೆ ನಾಲ್ಕು ಲಘು. ಶಿವಾಜಿನಗರದ್ದೇ ತೂಕ, ಅದೇ ಕುಂಟು. ಹಿಂದೆ 'ಹಾರ್ದಿಕ' ಸೇರಿಸಿ ನೋಡಿ: ಹಾರ್ದಿಕಶು | ಭಾಶಯಗ. ಐದು, ಐದು. ಕುಂಟು ಮಾಯ! ವಾರ್ಧಕ ಷಟ್ಪದಿಯ ನಡೆ ಬಂತು. ಸವಕಲು ಅಂತ ಬೈಸಿಕೊಳ್ಳುವ ಹಾರ್ದಿಕಕ್ಕೆ ಇಷ್ಟಾದರೂ ಉಪಯೋಗವಿದೆ. ಉಳಿದ 'ಳು' ಒಂದು ಮಾತ್ರೆ. ಅದಕ್ಕೆ 'ಮೇಷ್ಟ್ರೇ' ಸೇರಿಸಿದರೆ ಐದಾಗುತ್ತದೆ, ಆದರೆ ಮತ್ತೆ ಮೆಜೆಸ್ಟಿಕ್ಕಿನ ತೂಕ, ಲಗಾದಿ. 'ಗುರುಗಳೆ' ಅಂದರೆ ಐದೂ ಲಘು, ಸಲೀಸು: ಹಾರ್ದಿಕಶು | ಭಾಶಯಗ | ಳು ಗುರುಗಳೆ. ವಾರ್ಧಕದ ಸಾಲಿಗೆ ನಾಲ್ಕು ಗಣ ಬೇಕು, ಇನ್ನೂ ಐದು ಮಾತ್ರೆ ಬಾಕಿ. ಅಲ್ಲಿ ಕಳಿಸಿದವರ ಹೆಸರು ಬಂದರೆ ಸಾಲು ತುಂಬುತ್ತದೆ. ಮಂಜುಳಾ, ಶಾರದಾ ಇದ್ದರೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತಾರೆ. ರಮೇಶ, ಸುರೇಶ, ಗಣೇಶ, ಮಹೇಶ ಎಲ್ಲರದೂ ಜಗಣ, ಲಘು–ಗುರು–ಲಘು: ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ, ಸಾಲದ್ದಕ್ಕೆ ಒಂದು ಮಾತ್ರೆ ಕಡಿಮೆ.